ಚಿಕ್ಕ ಮಕ್ಕಳ ಜೊತೆ ಇಂಗಲ್ಸ್ ಹೋಮ್‌ಸ್ಟೆಡ್‌ಗೆ ಹೋಗಬಹುದಾ? ನಮ್ಮವರಿಗೆ 4 ಮತ್ತು 6 ವರ್ಷ, ಲಾರಾಳ ಕಥೆಗಳು ಗೊತ್ತಿಲ್ಲ

ಖಂಡಿತ ಹೋಗಿ. 'ಲಿಟಲ್ ಹೌಸ್' ಎಂಬ ಮಕ್ಕಳ ಪುಸ್ತಕಗಳನ್ನು ಬರೆದ ಲಾರಾ ಇಂಗಲ್ಸ್ ವೈಲ್ಡರ್‌ಳ ಕುಟುಂಬ ನೆಲೆಸಿದ್ದ ಜಮೀನು ಅದು, ಈಗ ಆ ಕಾಲದ ಕೆಲಸಗಳನ್ನು ಮಾಡಿ ನೋಡುವ ಜಾಗ. ಕಥೆ ಗೊತ್ತಿಲ್ಲದಿದ್ದರೂ ಏನೂ ತೊಂದರೆ ಇಲ್ಲ. ಈ ವಯಸ್ಸಿನವರಿಗೆ ಬೇಕಾದ್ದು ಕೈಗೆ ಕೆಲಸ. ಅದು ಅಲ್ಲಿ ಬೇಕಾದಷ್ಟಿದೆ. ನಾವು ಮಿನಿಯಾಪೊಲಿಸ್ ಕಡೆಯವರು. ನಮ್ಮ ಮಕ್ಕಳೂ ಅಷ್ಟೇ ಚಿಕ್ಕವರಿದ್ದಾಗ ಹೋಗಿದ್ದೆವು.

ಜಾಗ ಇರುವುದು ಸೌತ್ ಡಕೋಟದ ಡೆ ಸ್ಮೆಟ್ ಊರಿನ ಪಕ್ಕ, ಬ್ರೂಕಿಂಗ್ಸ್‌ನಿಂದ ಪಶ್ಚಿಮಕ್ಕೆ ಮುಕ್ಕಾಲು ಗಂಟೆ ದಾರಿ. ಅಮೆರಿಕದ 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರದಿಂದ 160 ಎಕರೆ ಜಮೀನು ಸಿಗುತ್ತಿತ್ತು. ಐದು ವರ್ಷ ಅಲ್ಲೇ ಮನೆ ಕಟ್ಟಿಕೊಂಡು ಉಳುಮೆ ಮಾಡಿದರೆ ಜಮೀನು ನಿಮ್ಮದೇ. ಲಾರಾಳ ಅಪ್ಪ ಚಾರ್ಲ್ಸ್ ಇಂಗಲ್ಸ್ 1880ರಲ್ಲಿ ಹೆಸರು ಬರೆಸಿದ ಜಮೀನು ಇದು. ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು.

ಹೋದ ಮೇಲೆ ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ಹಗ್ಗ ಹೊಸೆಯುವುದು, ಮೆಕ್ಕೆಜೋಳದ ದಿಂಡಿನಿಂದ ಗೊಂಬೆ ಮಾಡುವುದು, ಕೈಯಲ್ಲಿ ಬಟ್ಟೆ ಒಗೆದು ಹಿಂಡುವುದು, ಎಲ್ಲಾ ಇದೆ. ಮಗು ಒಂದು ಕಡೆ ನಿಂತುಬಿಟ್ಟರೆ ನಿಲ್ಲಲಿ ಬಿಡಿ.

ಹುಲ್ಲು ತಿರುಚುವ ಕೆಲಸವನ್ನು ಮಾತ್ರ ತಪ್ಪಿಸಬೇಡಿ. ಒಂದು ಹಿಡಿ ಉದ್ದನೆಯ ಒಣಹುಲ್ಲು ತೆಗೆದುಕೊಂಡು ಎರಡೂ ತುದಿ ಹಿಡಿದು ಎದುರುಬದುರು ತಿರುಚಬೇಕು. ಚೆನ್ನಾಗಿ ಬಿಗಿಯಾದ ಮೇಲೆ ನಡುವೆ ಮಡಚಿದರೆ ತಾನಾಗಿಯೇ ಸುತ್ತಿಕೊಳ್ಳುತ್ತದೆ. ಆಗ ತುದಿಯನ್ನು ಒಳಗೆ ಸಿಕ್ಕಿಸಬೇಕು. ಪುಟ್ಟ ಕೈಗಳಲ್ಲಿ ಅದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ. ನೀವು ಒಂದು ತುದಿ ಹಿಡಿದುಕೊಳ್ಳಿ, ಇನ್ನೊಂದನ್ನು ಅವರೇ ತಿರುಚಲಿ. ಒಂದು ಕಟ್ಟು ಆದ ಮೇಲೆ ಹೇಳಿ: 1880–81ರ ಚಳಿಗಾಲದಲ್ಲಿ ಹಿಮ ಬಿದ್ದು ತಿಂಗಳುಗಟ್ಟಲೆ ಈ ಊರಿಗೆ ರೈಲೇ ಬರಲಿಲ್ಲ, ಕಲ್ಲಿದ್ದಲು ಮುಗಿದಿತ್ತು, ಇಂಥ ಕಟ್ಟುಗಳನ್ನೇ ದಿನವಿಡೀ ಒಲೆಗೆ ಹಾಕಿ ಬದುಕಿದರು ಅಂತ. ಹುಲ್ಲು ಎಷ್ಟು ಬೇಗ ಉರಿದುಹೋಗುತ್ತೆ ಅಲ್ವಾ? ನಮ್ಮ ದೊಡ್ಡವಳು ತಕ್ಷಣ ಕೇಳಿದಳು, "ಹಾಗಾದ್ರೆ ರಾತ್ರಿ ಯಾರು ತಿರುಚುತ್ತಿದ್ರು?" ಆಮೇಲೆ ಅದೇ ಚಳಿಗಾಲದಲ್ಲಿ ಕಾಫಿ ಬೀಜ ಅರೆಯುವ ಪುಟ್ಟ ಗಿರಣಿಯಲ್ಲಿ ಗೋಧಿ ಬೀಸಿ ರೊಟ್ಟಿ ಮಾಡುತ್ತಿದ್ದರು ಎಂದೆ. ಅದನ್ನೂ ಅಲ್ಲಿ ತಿರುಗಿಸಿ ನೋಡಬಹುದು. ಅಷ್ಟು ತಿರುಗಿಸಿದರೂ ಬರುವ ಹಿಟ್ಟು ಸ್ವಲ್ಪವೇ.

ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನನ್ನ ಮಾವ ಹಾಸನ ಕಡೆಯ ರೈತರು. ಹಗ್ಗ ಹೊಸೆಯುವ ಯಂತ್ರದ ಹತ್ತಿರ ಬಂದಾಗ, ಇದಿಲ್ಲದೆ ತೊಡೆಯ ಮೇಲೆ ನಾರು ಹೊಸೆಯುವುದು ಹೇಗೆ ಅಂತ ಮೊಮ್ಮಕ್ಕಳಿಗೆ ತೋರಿಸಿದರು. ಬೇರೆ ಮಕ್ಕಳೂ ಬಂದು ಸುತ್ತ ಕೂತರು.

ಕಮಾನು ಗಾಡಿಯಲ್ಲಿ ಒಂದೇ ಕೋಣೆಯ ಶಾಲೆಗೆ ಕರೆದೊಯ್ಯುತ್ತಾರೆ. ದಾರಿಯಲ್ಲಿ ಮಕ್ಕಳಿಗೂ ಕುದುರೆಯ ಲಗಾಮು ಹಿಡಿಯಲು ಕೊಡುತ್ತಾರೆ. 4 ವರ್ಷದವರಿಗೆ ಇದೇ ಹಬ್ಬ.

ಇನ್ನೊಂದು ಮಾತು. "ಖಾಲಿ ಜಾಗಕ್ಕೆ ಬಂದು ನೆಲೆಸಿದರು" ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ. ಅದು ಅಲ್ಲಿನ ಮೂಲನಿವಾಸಿಗಳಾದ ಡಕೋಟ ಜನರ ನೆಲ. ರಾಜ್ಯದ ಹೆಸರಿನಲ್ಲೇ ಅವರಿದ್ದಾರೆ. ಅವರನ್ನು ಹೊರಗೆ ಹಾಕಿದ ಮೇಲೆ ಸರ್ಕಾರ ಆ ನೆಲವನ್ನು ಬೇರೆಯವರಿಗೆ ಹಂಚಿತು. 6 ವರ್ಷದ ಮಗುವಿಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ದುಡಿದವರ ಕಷ್ಟವೂ ನಿಜ, ಕಳೆದುಕೊಂಡವರದೂ ನಿಜ. ಎರಡನ್ನೂ ಹೇಳಿ.

ಬಯಲು ಪ್ರದೇಶ, ನೆರಳು ಕಡಿಮೆ, ಗಾಳಿ ಜೋರು. ಟೋಪಿ, ನೀರು, ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಳ್ಳಿ, ಒಗೆಯುವ ಆಟದಲ್ಲಿ ಪೂರ್ತಿ ನೆನೆಯುತ್ತಾರೆ. ಸಸ್ಯಾಹಾರಿಗಳಾದರೆ ಚಪಾತಿ, ಮೊಸರನ್ನ ಕಟ್ಟಿಕೊಂಡು ಹೋಗಿ, ಡೆ ಸ್ಮೆಟ್ ತುಂಬಾ ಸಣ್ಣ ಊರು. ತೆರೆದಿರುವುದು ಮುಖ್ಯವಾಗಿ ಬೇಸಿಗೆಯಲ್ಲಿ, ದಿನಾಂಕ ಮೊದಲೇ ನೋಡಿಕೊಳ್ಳಿ. ಕಮಾನು ಗಾಡಿಯೊಳಗೆ ರಾತ್ರಿ ಮಲಗುವ ವ್ಯವಸ್ಥೆಯೂ ಇದೆ. ಅದು ಬೇಕಾದರೆ ಈಗಲೇ ಬುಕ್ ಮಾಡಿ.