ಬೆಟ್ಟದ ಊರು, ದೆವ್ವದ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು. ಒಳ್ಳೆಯ ಗಿರಿಧಾಮವನ್ನೂ ನೋಡಬೇಕು, ದೆವ್ವ ಇದೆ ಅಂತ ಹೆಸರಾದ ಒಂದು ಜಾಗಕ್ಕೂ ಹೋಗಬೇಕು. ಎರಡೂ ಒಂದೇ ಪ್ರಯಾಣದಲ್ಲಿ ಆಗುವಂಥ ಕಡೆ ಯಾವುದು? ಇದು ಮೊದಲ ಸಲ, ಹಾಗಾಗಿ ಅಪಾಯ ಜಾಸ್ತಿ ಇರಬಾರದು.

ಉತ್ತರ: ಕಾಲ್ಕಾದಿಂದ ಶಿಮ್ಲಾಕ್ಕೆ ಹೋಗುವ ಪುಟ್ಟ ರೈಲು ಹತ್ತಿ. 1903ರಲ್ಲಿ ಶುರುವಾದ ದಾರಿ ಇದು. ಎರಡು ಹಳಿಗಳ ನಡುವೆ ಬರೀ 762 ಮಿಲಿಮೀಟರ್ ಜಾಗ, ಸುಮಾರು 96 ಕಿಲೋಮೀಟರ್ ದಾರಿಯಲ್ಲಿ ನೂರಕ್ಕೂ ಹೆಚ್ಚು ಸುರಂಗ. ನೀವು ಕೇಳಿದ ಜಾಗ ಇರುವುದು 33ನೇ ನಂಬರಿನ ಸುರಂಗದ ಹತ್ತಿರ. ಅದೇ ಬರೋಗ್ ಸುರಂಗ, ಈ ದಾರಿಯಲ್ಲಿ ಎಲ್ಲಕ್ಕಿಂತ ಉದ್ದದ್ದು, 1143 ಮೀಟರ್. ಒಳಗೆ ಹೋದರೆ ಎರಡು ಮೂರು ನಿಮಿಷ ಕತ್ತಲೆ, ಮುಖಕ್ಕೆ ತಣ್ಣನೆ ಗಾಳಿ, ಮಾತಾಡಿದರೂ ಪಕ್ಕದವರಿಗೆ ಕೇಳಿಸದಷ್ಟು ಸದ್ದು. ಆಮೇಲೆ ಇದ್ದಕ್ಕಿದ್ದಂತೆ ಬೆಳಕು, ಎದುರಿಗೇ ಬರೋಗ್ ಸ್ಟೇಷನ್.

ಅಲ್ಲಿ ಎಲ್ಲರೂ ಹೇಳುವ ಕಥೆ ಇದು. ಬರೋಗ್ ಅನ್ನುವ ಇಂಗ್ಲಿಷ್ ಇಂಜಿನಿಯರ್ ಬೆಟ್ಟವನ್ನು ಎರಡೂ ಕಡೆಯಿಂದ ಕೊರೆಸಿದ. ನಡುವೆ ಎಲ್ಲೋ ಅವೆರಡೂ ಕೂಡಬೇಕಿತ್ತು, ಕೂಡಲೇ ಇಲ್ಲ. ಅಳತೆ ತಪ್ಪಿತ್ತು. ಸರ್ಕಾರ ಅವನಿಗೆ ಒಂದು ರೂಪಾಯಿ ದಂಡ ಹಾಕಿತು, ದುಡ್ಡಿಗಿಂತ ಆ ಅವಮಾನವೇ ದೊಡ್ಡದಾಗಿ ಅವನು ಒಂದು ದಿನ ನಾಯಿಯನ್ನು ಕರೆದುಕೊಂಡು ಹೊರಗೆ ಹೋದವನು ತಾನೇ ಗುಂಡು ಹಾರಿಸಿಕೊಂಡ ಅನ್ನುತ್ತಾರೆ. ಮುಂದೆ ಹ್ಯಾರಿಂಗ್ಟನ್ ಎಂಬ ಇಂಜಿನಿಯರ್ ಬೇರೆ ಕಡೆ ಹೊಸ ಸುರಂಗ ಕೊರೆಸಿದ. ಓದು ಬರಹ ಇಲ್ಲದ ಭಲ್ಕು ಎಂಬ ಬೆಟ್ಟದ ಮನುಷ್ಯ ಕೋಲಿನಿಂದ ಬಂಡೆ ತಟ್ಟಿ, ಸದ್ದು ಕೇಳಿಯೇ ದಾರಿ ತೋರಿಸಿದ ಅಂತ ಇನ್ನೊಂದು ಕಥೆ ಇದೆ. ಶಿಮ್ಲಾದ ರೈಲ್ವೆ ಮ್ಯೂಸಿಯಮ್ಮಿಗೆ ಇವತ್ತು ಭಲ್ಕು ಹೆಸರೇ ಇದೆ, ಸ್ಟೇಷನ್ನಿಗೆ ಬರೋಗ್ ಹೆಸರು. ಗೆದ್ದವನನ್ನೂ ಸೋತವನನ್ನೂ ಒಂದೇ ರೈಲು ದಾರಿ ನೆನಪಿಟ್ಟುಕೊಂಡಿದೆ. ನನಗೆ ಈ ಜಾಗ ಇಷ್ಟವಾಗುವುದು ಅದಕ್ಕೇ.

ಬರೋಗ್‌ನ ದೆವ್ವ ಯಾರಿಗೂ ತೊಂದರೆ ಕೊಡುವುದಿಲ್ಲ, ಬಂದವರ ಜೊತೆ ಮಾತಾಡುತ್ತದೆ ಅನ್ನುವುದು ಅಲ್ಲಿನ ನಂಬಿಕೆ. ನಾನು ಹೇಳುವುದು ಒಂದೇ ಒಂದು ಮಾತು. ಅರ್ಧಕ್ಕೆ ಬಿಟ್ಟ ಹಳೆಯ ಸುರಂಗವನ್ನು ದೂರದಿಂದ ನೋಡಿ ಬನ್ನಿ, ಒಳಗೆ ಹೋಗಬೇಡಿ. ನೂರಿಪ್ಪತ್ತು ವರ್ಷದಿಂದ ಯಾರೂ ನೋಡಿಕೊಳ್ಳದ ಚಾವಣಿ ಅದು. ರೈಲು ಓಡಾಡುವ ಸುರಂಗದೊಳಗೆ ನಡೆದು ಹೋಗುವ ಹುಚ್ಚಂತೂ ಬೇಡವೇ ಬೇಡ, ಪಕ್ಕಕ್ಕೆ ಸರಿದು ನಿಲ್ಲಲು ಜಾಗ ಸಿಗುವುದಿಲ್ಲ.

ಪ್ರಶ್ನೆ: ಕಳೆದ ಚಳಿಗಾಲದಲ್ಲಿ ಬೆಳಗಿನ ಜಾವ ಬೆಟ್ಟದ ತುದಿಯಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಸೂರ್ಯ, ಮುಂದೆ ಕಣಿವೆ ತುಂಬಾ ಮಂಜು. ಆ ಮಂಜಿನಲ್ಲಿ ಆಳೆತ್ತರವನ್ನೂ ಮೀರಿದ ಒಂದು ಕಪ್ಪು ಆಕಾರ ಎದ್ದು ನಿಂತಿತು, ತಲೆಯ ಸುತ್ತ ಬಣ್ಣದ ಉಂಗುರ ಬೇರೆ. ನಾನು ಕೈ ಎತ್ತಿದರೆ ಅದೂ ಎತ್ತಿತು. ಮನೆಯಲ್ಲಿ ಯಾರೂ ನಂಬುತ್ತಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

ಉತ್ತರ: ನಾನು ನಂಬುತ್ತೇನೆ. ನೀವು ನೋಡಿದ್ದು ನಿಮ್ಮದೇ ನೆರಳು. ಇದಕ್ಕೆ ಬ್ರಾಕನ್ ಭೂತ ಅಂತಲೇ ಹೆಸರಿದೆ. ಜರ್ಮನಿಯ ಹಾರ್ಟ್ಸ್ ಬೆಟ್ಟಸಾಲಿನಲ್ಲಿ ಬ್ರಾಕನ್ ಅಂತ ಒಂದು ಶಿಖರ, ಎತ್ತರ 1141 ಮೀಟರ್, ಮಂಜಿಗೆ ಹೆಸರುವಾಸಿ. ಅಲ್ಲಿ ಕಂಡದ್ದನ್ನು 1780ರಲ್ಲಿ ಸಿಲ್ಬರ್‌ಶ್ಲಾಗ್ ಎಂಬ ವಿದ್ವಾಂಸ ಬರೆದಿಟ್ಟ, ಆ ಹೆಸರೇ ಉಳಿಯಿತು.

ಗೋಡೆಯ ಮೇಲೆ ಬಿದ್ದ ನೆರಳು ಚಪ್ಪಟೆಯಾಗಿರುತ್ತದೆ. ಮಂಜಿನ ಮೇಲೆ ಹಾಗಲ್ಲ. ಹತ್ತಿರದ ಹನಿಯಿಂದ ದೂರದ ಹನಿಯವರೆಗೆ ನೆರಳು ಒಳಕ್ಕೆ ಚಾಚಿಕೊಂಡಿರುತ್ತದೆ, ಎಷ್ಟು ದೂರ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಹಾಗಾಗಿ ಅದು ರಾಕ್ಷಸಾಕಾರವಾಗಿ ಕಾಣುತ್ತದೆ. ಮಂಜು ಅಲುಗಾಡಿದಾಗ ನೀವು ಸುಮ್ನೆ ನಿಂತಿದ್ದರೂ ನೆರಳು ಮಿಸುಕಾಡುತ್ತದೆ. ಆ ಬಣ್ಣದ ಉಂಗುರ ಬರುವುದು ಬೆಳಕು ಸಣ್ಣ ನೀರ ಹನಿಗಳಿಗೆ ತಾಗಿ ಹಿಂದಕ್ಕೆ ಬರುವುದರಿಂದ. ಇದರಲ್ಲಿ ನನಗೆ ತುಂಬಾ ಚೆಂದ ಅನ್ನಿಸುವ ಸಂಗತಿ ಇನ್ನೊಂದಿದೆ. ಇಬ್ಬರು ಸ್ವಲ್ಪ ದೂರ ದೂರ ನಿಂತರೆ ಪ್ರತಿಯೊಬ್ಬರಿಗೂ ಉಂಗುರ ಕಾಣುವುದು ತನ್ನ ತಲೆಯ ಸುತ್ತ ಮಾತ್ರ, ಪಕ್ಕದವರ ತಲೆಯ ಸುತ್ತ ಕಾಣುವುದಿಲ್ಲ. ಮುಂದಿನ ಸಲ ಮನೆಯವರನ್ನೂ ಕರೆದುಕೊಂಡು ಹೋಗಿ, ಒಬ್ಬೊಬ್ಬರನ್ನೂ ಕೇಳಿ ನೋಡಿ. ಚೆನ್ನಾಗಿ ನೋಡಬೇಕು ಅಂತ ಅಂಚಿನವರೆಗೆ ಮಾತ್ರ ಹೋಗಬೇಡಿ, ಮಂಜಿನಲ್ಲಿ ನೆಲ ಎಲ್ಲಿ ಮುಗಿಯುತ್ತದೆ ಅಂತ ತಿಳಿಯುವುದಿಲ್ಲ.

ಪ್ರಶ್ನೆ: ಒಂದು ಗಿರಿಧಾಮದಲ್ಲಿ ಹಳೆಯ ಬಂಗಲೆಯ ರೂಮಿನಲ್ಲಿ ಉಳಿದಿದ್ದೆವು. ಚಳಿ ಅಂತ ಒಳಗೆ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟುಕೊಂಡು ಕಿಟಕಿ ಬಾಗಿಲು ಹಾಕಿ ಮಲಗಿದೆವು. ರಾತ್ರಿ ನಮ್ಮ ಮೂರೂ ಜನಕ್ಕೆ ಯಾರೋ ಪಕ್ಕದಲ್ಲಿ ನಿಂತಿದ್ದಾರೆ ಅನ್ನಿಸಿತು, ಎದೆ ಮೇಲೆ ಭಾರ, ಬೆಳಗ್ಗೆ ವಿಪರೀತ ತಲೆನೋವು, ವಾಕರಿಕೆ. ಆ ರೂಮಿನಲ್ಲಿ ಏನೋ ಇದೆ, ಅಲ್ವಾ?

ಉತ್ತರ: ಹೌದು, ಇತ್ತು. ನಿಮ್ಮ ಪತ್ರ ಓದುವಾಗ ನನಗೆ ಕೈ ನಡುಗಿತು, ನೀವು ಮೂವರೂ ಎದ್ದು ಬಂದಿದ್ದೀರಲ್ಲ ಅಂತ ಸಮಾಧಾನವೂ ಆಯಿತು. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ. ಮೊದಲು ತಲೆನೋವು, ವಾಕರಿಕೆ, ಎದೆ ಬಿಗಿತ, ಮಂಪರು. ಮಂಪರಿನಲ್ಲೇ ಜನ ಎದ್ದೇಳದೆ ಹೋಗಿಬಿಡುತ್ತಾರೆ.

1921ರಲ್ಲಿ ಅಮೆರಿಕದ ಕಣ್ಣಿನ ವೈದ್ಯ ವಿಲ್ಮರ್ ಇಂಥದ್ದೇ ಒಂದು ಕುಟುಂಬದ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಆ ಮನೆಯವರಿಗೆ ಹೆಜ್ಜೆ ಸದ್ದು ಕೇಳುತ್ತಿತ್ತು, ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು, ಸದಾ ತಲೆನೋವು. ಕೊನೆಗೆ ನೋಡಿದರೆ ಮನೆ ಬಿಸಿ ಮಾಡುವ ಒಲೆ ಕೆಟ್ಟು ಹೊಗೆ ಒಳಗೇ ಸೇರುತ್ತಿತ್ತು. ಒಲೆ ಸರಿಯಾಯಿತು, ದೆವ್ವವೂ ಹೋಯಿತು.

ಇನ್ನು ಮುಂದೆ ಎಷ್ಟೇ ಚಳಿ ಇರಲಿ, ಮಲಗುವ ಕೋಣೆಯಲ್ಲಿ ಇದ್ದಿಲು ಬೇಡ. ಎರಡು ಕಂಬಳಿ ಜಾಸ್ತಿ ಕೇಳಿ. ಗಾಳಿ ಆಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೂ ಇದೇ ಅಪಾಯ. ಒಂದೇ ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು ಬಂದರೆ ಮೊದಲು ಹೊರಗೆ ಓಡಿ, ಆಮೇಲೆ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ರಾಜಸ್ಥಾನದ ಭಾನಗಢ ಕೋಟೆಯಲ್ಲಿ ಒಂದು ರಾತ್ರಿ ಕಳೆಯಬೇಕು ಅಂತ ಆಸೆ. ಸಾಧ್ಯವೇ?

ಉತ್ತರ: ಇಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಒಳಗೆ ಹೋಗುವಂತಿಲ್ಲ ಅಂತ ಪುರಾತತ್ವ ಇಲಾಖೆಯ ಬೋರ್ಡೇ ಇದೆ. ಅದನ್ನು ನೋಡಿ ಸರ್ಕಾರವೇ ದೆವ್ವ ಒಪ್ಪಿಕೊಂಡಿದೆ ಅನ್ನುವವರಿದ್ದಾರೆ, ಅದು ತಪ್ಪು. ಸಂಜೆ ಬಾಗಿಲು ಹಾಕುವುದು ಎಷ್ಟೋ ಸ್ಮಾರಕಗಳಲ್ಲಿ ಇರುವ ಕ್ರಮ. ಪಕ್ಕದಲ್ಲೇ ಸರಿಸ್ಕಾ ಹುಲಿ ಕಾಡು ಬೇರೆ. ಬೆಳಗ್ಗೆ ಹೋಗಿ, ಅರಾವಳಿ ಬೆಟ್ಟಕ್ಕೆ ಒರಗಿದ ಆ ಪೇಟೆ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಸಾಲು ಸಾಲು ಅಂಗಡಿಗಳು, ಒಂದಕ್ಕೂ ಚಾವಣಿ ಇಲ್ಲ.

ಪ್ರಶ್ನೆ: ಮಸ್ಸೂರಿ ಹತ್ತಿರದ ಲಂಬಿ ದೇಹರ್ ಗಣಿಯಲ್ಲಿ ರಾತ್ರಿ ಅಳು ಕೇಳುತ್ತದಂತೆ. ನಿಜವೇ?

ಉತ್ತರ: ಅದು ಸುಣ್ಣದ ಕಲ್ಲಿನ ಗಣಿ. ಡೂನ್ ಕಣಿವೆಯ ಬೆಟ್ಟಗಳನ್ನು ಗಣಿಯವರು ಕೊರೆದು ಬೋಳು ಮಾಡಿದ್ದರು, ನೀರಿನ ಸೆಲೆ ಬತ್ತುತ್ತಿತ್ತು. 1983ರಲ್ಲಿ ಡೆಹ್ರಾಡೂನಿನ ಒಂದು ಸಂಸ್ಥೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿ ಅಂತ ತೆಗೆದುಕೊಂಡಿತು, 1985ರಿಂದ ಅಲ್ಲಿನ ಎಷ್ಟೋ ಗಣಿಗಳು ಮುಚ್ಚಿದವು. ಕೂಲಿಯವರು ಕೆಮ್ಮಿ ಕೆಮ್ಮಿ ಸತ್ತರು, ಅವರೇ ಅಳುತ್ತಾರೆ ಅನ್ನುವುದು ಕಥೆ. ಕಲ್ಲಿನ ಧೂಳು ವರ್ಷಗಟ್ಟಲೆ ಒಳಗೆ ಹೋದರೆ ಶ್ವಾಸಕೋಶ ಹಾಳಾಗುತ್ತದೆ, ಆ ಮಾತಿಗೆ ದೆವ್ವದ ಸಾಕ್ಷಿ ಬೇಕಿಲ್ಲ. ಅಲ್ಲಿ ನಿಂತು ಕಿರುಚಿ ವಿಡಿಯೋ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹಗಲಲ್ಲಿ ಹೋಗಿ, ಗುಡ್ಡದ ಮೇಲಿನ ಆ ಗಾಯವನ್ನು ನೋಡಿ.

ಪ್ರಶ್ನೆ: ಡಾರ್ಜಿಲಿಂಗ್ ದಾರಿಯ ಕರ್ಸಿಯಾಂಗ್‌ನಲ್ಲಿ ಡೌ ಹಿಲ್ ಕಾಡು ನೋಡಬೇಕು. ತಲೆ ಇಲ್ಲದ ಹುಡುಗ ಓಡಾಡುತ್ತಾನೆ ಅಂತ ಕೇಳಿ ಅಮ್ಮ ಬೇಡ ಅನ್ನುತ್ತಿದ್ದಾರೆ. ಏನು ಹೇಳಲಿ?

ಉತ್ತರ: ಅಲ್ಲಿ ಬಹಳ ಹಿಂದಿನಿಂದಲೂ ಎರಡು ಶಾಲೆಗಳಿವೆ, ಮಕ್ಕಳು ಅಲ್ಲೇ ಉಳಿದು ಓದುತ್ತಾರೆ ಅಂತ ಅಮ್ಮನಿಗೆ ಹೇಳಿ. ಚಳಿಗಾಲದ ರಜೆಯಲ್ಲಿ ಖಾಲಿ ಶಾಲೆಯಲ್ಲಿ ಹೆಜ್ಜೆ ಸದ್ದು ಕೇಳುತ್ತದೆ ಅನ್ನುತ್ತಾರೆ. ಹಳೆಯ ಮರದ ಕಟ್ಟಡ ರಾತ್ರಿ ತಣ್ಣಗಾದಾಗ ಹಲಗೆಗಳು ಟಕ್ ಟಕ್ ಅನ್ನುವುದುಂಟು. ಕಾಡಿನ ತುಂಬ ಧೂಪಿ ಮರಗಳು, ಜಪಾನಿನಿಂದ ಬಂದ ಜಾತಿ, ಕಂಬದ ಹಾಗೆ ನೆಟ್ಟಗೆ. ಮಂಜು ಇಳಿದರೆ ಹತ್ತು ಹೆಜ್ಜೆ ಆಚೆಯ ಮರವೂ ನಿಂತ ಮನುಷ್ಯನಂತೆ ಕಾಣುತ್ತದೆ.

ಸಂಜೆ ನಾಯಿ ಬೊಗಳಿದ ಹಾಗೆ ಒಂದೇ ಸಮ ಒರಟು ಕೂಗು ಕೇಳಿದರೆ ಹೆದರಬೇಡಿ, ಅದು ಕಾಡುಕುರಿ, ಜಿಂಕೆ ಜಾತಿಯ ಸಣ್ಣ ಪ್ರಾಣಿ. ಮೊದಲ ಸಲ ಕೇಳಿದಾಗ ನಾನು ಒಂದು ಬೆಟ್ಟದ ಗೆಸ್ಟ್ ಹೌಸಿನಲ್ಲಿ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ಕೂತಿದ್ದೆ. ಬೆಳಗ್ಗೆ ಅಡುಗೆಯವರು ತೋಟದ ಅಂಚಿಗೆ ಕರೆದುಕೊಂಡು ಹೋಗಿ ಕೆಸರಿನಲ್ಲಿ ಮೂಡಿದ್ದ ಸಣ್ಣ ಗೊರಸಿನ ಗುರುತು ತೋರಿಸಿದರು, ನನ್ನ ಎರಡು ಬೆರಳಿನಷ್ಟು ಅಗಲವೂ ಇರಲಿಲ್ಲ. ಆ ಪ್ರಾಣಿ ಹಾಗೆ ಕೂಗುವುದು ಹೆಚ್ಚಾಗಿ ಚಿರತೆಯ ಸುಳಿವು ಸಿಕ್ಕಾಗ. ಹಾಗಾಗಿ ಕೂಗು ಕೇಳಿದ ಮೇಲೆ ಕಾಡಿನ ದಾರಿಯಲ್ಲಿ ಒಬ್ಬರೇ ತಿರುಗಬೇಡಿ. ಬೆಳಗ್ಗೆ ಬೇಗ ಹೋಗಿ ಮಧ್ಯಾಹ್ನದೊಳಗೆ ಇಳಿದುಬಿಡಿ, ಶಾಲೆಯ ಆವರಣಕ್ಕೆ ಕ್ಯಾಮೆರಾ ಹಿಡಿದು ನುಗ್ಗಬೇಡಿ. ಸಾಧ್ಯವಾದರೆ ಅಮ್ಮನನ್ನೂ ಕರೆದುಕೊಂಡು ಹೋಗಿ, ಕರ್ಸಿಯಾಂಗ್‌ನಿಂದ ಡಾರ್ಜಿಲಿಂಗಿಗೆ ಪುಟ್ಟ ರೈಲಿನಲ್ಲಿ ಕಿಟಕಿ ಪಕ್ಕ ಕೂರಿಸಿ.