ಪಕ್ಕದ ಮನೆಯವರಿಗೆ ಥೈರಾಯ್ಡ್ ಮಾತ್ರೆ 100 ಮೈಕ್ರೋಗ್ರಾಂ, ನಮ್ಮಮ್ಮನಿಗೆ 25 ಮಾತ್ರ ಯಾಕೆ?

ನಿಮ್ಮಮ್ಮನಿಗೆ 68 ವರ್ಷ, ಹೃದಯದ ತೊಂದರೆಯೂ ಇದೆ ಅಂದಿರಿ. ಉತ್ತರ ಅಲ್ಲೇ ಇದೆ. ಗಟ್ಟಿಮುಟ್ಟಾದ ಕಿರಿಯರಿಗೆ ಪೂರ್ಣ ಡೋಸ್ ಅಂದರೆ ಕೆಜಿ ತೂಕಕ್ಕೆ ಸುಮಾರು 1.6 ಮೈಕ್ರೋಗ್ರಾಂ. 60 ಕೆಜಿಗೆ ಹತ್ತಿರ ಹತ್ತಿರ 100. ವಯಸ್ಸಾದವರಿಗೆ, ಅದರಲ್ಲೂ ಹೃದ್ರೋಗ ಇದ್ದರೆ, ಒಮ್ಮೆಲೇ ಅಷ್ಟು ಕೊಟ್ಟರೆ ಎದೆಬಡಿತ ಏರಬಹುದು. ಅದಕ್ಕೇ 12.5 ಅಥವಾ 25ರಿಂದ ಶುರುಮಾಡಿ, 6–8 ವಾರಕ್ಕೆ ಟಿಎಸ್‌ಎಚ್ (ಡೋಸ್ ಸಾಕೇ ಎಂದು ತಿಳಿಸುವ ಥೈರಾಯ್ಡ್ ರಕ್ತಪರೀಕ್ಷೆ) ನೋಡಿ ಮೆಲ್ಲಗೆ ಏರಿಸುತ್ತಾರೆ. ದಯವಿಟ್ಟು ನೀವಾಗಿಯೇ ಏರಿಸಬೇಡಿ.

ಕೋಲಾರದ ಕಡೆ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಮಾತ್ರೆ ನುಂಗಿ, ನೀರು ಕುಡಿದು, ಡೈರಿಗೆ ಹಾಲು ಹಾಕಲು ಹೋಗುತ್ತಾರೆ. ವಾಪಸ್ ಬಂದ ಮೇಲೇ ಕಾಫಿ. ಆ ಅರ್ಧ–ಮುಕ್ಕಾಲು ಗಂಟೆ ಬಹಳ ಮುಖ್ಯ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ 4 ಗಂಟೆ ಬಿಟ್ಟು ಕೊಡಿ.