ಹೂವಿನ ರಂಗೋಲಿಯಿಂದ 5ನೇ ತರಗತಿಗೆ ಭಿನ್ನರಾಶಿ ಕಲಿಸುವುದು ಹೇಗೆ?

30 ಸೆಂ.ಮೀ. ದಾರಕ್ಕೆ ಸೀಮೆಸುಣ್ಣ ಕಟ್ಟಿ ವೃತ್ತ ಎಳೆಯಿರಿ (ಶಿರಸಿಯ ಮಳೆಗಾಲದಲ್ಲಿ ಅಂಗಳದ ಆಸೆ ಬಿಟ್ಟು ಜಗುಲಿಯಲ್ಲೇ). ಅದೇ ದಾರವನ್ನು ಬಿಗಿಹಿಡಿದು ಅಂಚಿನ ಒಂದು ಬಿಂದುವಿನಿಂದ ಅಂಚಿನ ಮುಂದಿನ ಬಿಂದುವಿಗೆ ಗುರುತು ಹಾಕುತ್ತ ಸುತ್ತ ಹೋದರೆ ಸರಿಯಾಗಿ 6 ಬಿಂದು ಸಿಗುತ್ತವೆ. ದಾರ ಅಂಚಿನ ಜತೆ ಬಾಗಿದರೆ ತಪ್ಪುತ್ತದೆ. ನಡುವೆ ಒಂದೊಂದು ಗುರುತು ಸೇರಿಸಿ, ಕೇಂದ್ರಕ್ಕೆ ಗೆರೆ ಎಳೆದರೆ 12 ಸಮಭಾಗ.

6 ಭಾಗಕ್ಕೆ ಅಬ್ಬಲಿಗೆ, 4 ಭಾಗಕ್ಕೆ ಸೇವಂತಿಗೆ, ಉಳಿದ 2ಕ್ಕೆ ಎಲೆ. ಈಗ 1/2 + 1/3 ಕೇಳಿ. ಕೆಲವರು 2/5 ಎನ್ನುತ್ತಾರೆ. ಅದು ಅರ್ಧಕ್ಕಿಂತ ಕಡಿಮೆ, ಅಬ್ಬಲಿಗೆಯೊಂದೇ ಅರ್ಧ ತುಂಬಿದೆಯಲ್ಲ! ಹೂವಿರುವ ಭಾಗ ಎಣಿಸಲಿ: 10/12, ಅಂದರೆ 5/6.

ಮಕ್ಕಳು ಭಾಗ ಬಿಟ್ಟು ಹೂವನ್ನೇ ಎಣಿಸುತ್ತಾರೆ. ಅಬ್ಬಲಿಗೆ ಚಿಕ್ಕದು, ಸೇವಂತಿಗೆ ದೊಡ್ಡದು, ಲೆಕ್ಕ ಕೆಡುತ್ತದೆ. ಐದೆಸಳಿನ ದಾಸವಾಳದ ವಿನ್ಯಾಸ ಆಮೇಲೆ ಇರಲಿ, 12 ಐದರಿಂದ ಭಾಗವಾಗದು.